ಡೈಸಲ್ಫಿರಾಮ್ ಮಾತ್ರೆ, ತಮ್ಮನಿಗೆ 8 ತಿಂಗಳು ಕೊಟ್ಟ ಮೇಲೆ ಬರೀತಿರೋದು

ನನ್ನ ತಮ್ಮನಿಗೆ 31 ವರ್ಷ, ಬುದ್ಧಿ ಬೆಳವಣಿಗೆ ಸ್ವಲ್ಪ ಕಮ್ಮಿ, ಜೊತೆಗೆ ಫಿಟ್ಸ್ ಬೇರೆ ಇದೆ. ಯಾರ್ಯಾರದ್ದೋ ಸಹವಾಸದಲ್ಲಿ ಕುಡಿಯೋದು ಕಲಿತ. ಕುಡಿತ ಬಿಡಿಸೋಕೆ ಅಂತ ಡಾಕ್ಟ್ರು ಡೈಸಲ್ಫಿರಾಮ್ ದಿನಕ್ಕೆ 250 ಮಿಲಿಗ್ರಾಂ ಬರೆದ್ರು.

ಮೊದ್ಲು ತಿಳ್ಕೋಬೇಕಾದ್ದು ಏನಂದ್ರೆ ಈ ಮಾತ್ರೆ ಕುಡಿಯೋ ಆಸೆನ ಹೋಗಿಸಲ್ಲ. ಲಿವರ್‌ನಲ್ಲಿ ಒಂದು ಎಂಜೈಮನ್ನ ತಡೆಯುತ್ತೆ, ಅದರ ಮೇಲೆ ಕುಡಿದ್ರೆ ಆಲ್ಕೋಹಾಲ್‌ನಿಂದ ಹುಟ್ಟೋ ಅಸಿಟಾಲ್ಡಿಹೈಡ್ ಅನ್ನೋ ವಿಷ ಕರಗದೆ ರಕ್ತದಲ್ಲಿ ಜಾಸ್ತಿಯಾಗಿ ಮುಖ ಕೆಂಪಾಗಿ, ಎದೆ ಹೊಡ್ಕೊಂಡು, ವಾಂತಿ ಆಗಿ, ಬಿಪಿ ಇಳಿದು ಜೀವಕ್ಕೇ ಅಪಾಯ ಆಗ್ಬಹುದು, ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು 14 ದಿನ ಈ ಭಯ ಇದ್ದೇ ಇರುತ್ತೆ. ಅಂದ್ರೆ "ಕುಡಿದ್ರೆ ಹೀಗಾಗುತ್ತೆ" ಅಂತ ಗೊತ್ತಿರೋದೇ ಅರ್ಧ ಔಷಧಿ. ಯಾವ ಮಾತ್ರೆ ಅಂತ ಹೇಳದೆ ಕೊಟ್ಟ ಟ್ರಯಲ್‌ಗಳಲ್ಲಿ (ಜನರ ಮೇಲೆ ಔಷಧಿ ಪರೀಕ್ಷಿಸೋ ರಿಸರ್ಚ್) ಇದರ ಗುಣ ಅಷ್ಟಾಗಿ ಕಾಣಲ್ಲ, ಗೊತ್ತಿದ್ದು ತಗೊಂಡವರಲ್ಲಿ ಕಾಣುತ್ತೆ. 1986ರಲ್ಲಿ ಬಂದ ಅಮೆರಿಕದ ಟ್ರಯಲ್‌ನಲ್ಲಿ 605 ಗಂಡಸರಿದ್ರು, ಪೂರ್ತಿ ಕುಡಿತ ಬಿಟ್ಟೋರು ಇದರಿಂದ ಜಾಸ್ತಿ ಆಗ್ಲಿಲ್ಲ. ಇಂಥ ರಿಸರ್ಚ್‌ಗಳಲ್ಲಿ ನನ್ನ ತಮ್ಮನಂಥವರನ್ನ ಸೇರಿಸ್ಕೊಳ್ಳೋದೇ ಅಪರೂಪ, ಒಪ್ಪಿಗೆ ಕೊಡೋಕಾಗಲ್ಲ ಅಂತ ಹೊರಗಿಡ್ತಾರೆ, ಆಮೇಲೆ ಅದೇ ಮಾತ್ರೆನ ಇವರಿಗೂ ಬರೀತಾರೆ. ಇದು ಸರಿ ಅಲ್ಲ.

ನಾವು ಮೊದ್ಲು ಹೋದ ಕಡೆ "ಅವನಿಗೆ ಹೇಳೋದೇನೂ ಬೇಡ, ಊಟದಲ್ಲಿ ಬೆರೆಸಿ" ಅಂದಿದ್ರು. ದಯವಿಟ್ಟು ಯಾರೂ ಹಾಗೆ ಮಾಡ್ಬೇಡಿ, ತಗೊಳ್ಳೋರಿಗೆ ಗೊತ್ತಿಲ್ದೆ ಕೊಡಲೇಬಾರದು ಅಂತ ಔಷಧಿಯ ಎಚ್ಚರಿಕೆಯಲ್ಲೇ ಇದೆ. ಎರಡನೇ ಡಾಕ್ಟ್ರು ಚಿತ್ರ ಬರೆದು ತೋರಿಸಿದ್ರು, ಬಾಟ್ಲಿ, ಕೆಂಪು ಮುಖ, ಆಸ್ಪತ್ರೆ ಮಂಚ. ಅವನೇ ಅದನ್ನ ತನ್ನ ಮಾತಲ್ಲಿ ವಾಪಸ್ ಹೇಳೋವರೆಗೂ ಶುರು ಮಾಡಲ್ಲ ಅಂದ್ರು. ಮೂರು ವಾರ ಹಿಡೀತು. ಆ ಮೂರು ವಾರಕ್ಕೆ ನಾನು ಯಾವತ್ತೂ ಋಣಿ.

ಎರಡನೇ ತಿಂಗಳಲ್ಲಿ ನಡೆಯುವಾಗ ತೂರಾಡೋಕೆ ಶುರು ಮಾಡ್ದ, ಮಾತೂ ತೊದಲ್ತಿತ್ತು. ಮನೇಲಿ ಎಲ್ರೂ ಕುಡಿದಿದಾನೆ ಅಂದ್ಕೊಂಡು ಬೈದ್ವಿ, ಅವನು "ಇಲ್ಲಾ ಅಕ್ಕಾ, ಕುಡಿದಿಲ್ಲ" ಅಂತ ಅಳ್ತಾನೇ ಇದ್ದ. ರಕ್ತ ಪರೀಕ್ಷೆ ಮಾಡ್ಸಿದ್ರೆ ಫಿಟ್ಸ್‌ಗೆ ಕೊಡ್ತಿದ್ದ ಫೆನಿಟಾಯಿನ್ ರಕ್ತದಲ್ಲಿ ಜಾಸ್ತಿ ಆಗಿತ್ತು, ಡೈಸಲ್ಫಿರಾಮ್ ಜೊತೆ ಹಾಗಾಗುತ್ತಂತೆ. ಅವನನ್ನ ನಂಬದೇ ಹೋದ್ನಲ್ಲ ಅಂತ ಇವತ್ತಿಗೂ ಸಂಕಟ ಆಗುತ್ತೆ. ಫಿಟ್ಸ್ ಮಾತ್ರೆ ತಗೊಳ್ಳೋರು ಇದ್ದರೆ ಶುರು ಮಾಡೋಕೆ ಮುಂಚೆನೇ ಡಾಕ್ಟ್ರಿಗೆ ಹೇಳಿ. ಲಿವರ್ ಟೆಸ್ಟೂ ತಪ್ಪಿಸ್ಬೇಡಿ. ಕೆಮ್ಮಿನ ಸಿರಪ್, ಮೌತ್‌ವಾಶ್ ಲೇಬಲ್ ಕೂಡ ಓದ್ಬೇಕು, ಆಲ್ಕೋಹಾಲ್ ಇರುತ್ತೆ.

5ಕ್ಕೆ 3 ಕೊಡ್ತೀನಿ. 8 ತಿಂಗಳಿಂದ ಕುಡಿದಿಲ್ಲ, ಬೆಳಿಗ್ಗೆ ನನ್ನೆದುರಿಗೇ ನುಂಗಿ ಬಾಯಿ ತೆಗೆದು ತೋರಿಸ್ತಾನೆ. ಆಸೆ ಮಾತ್ರ ಹೋಗಿಲ್ಲ, ಸಂಜೆ ಹೊತ್ತು ಅವನ ಜೊತೆ ಯಾರಾದ್ರೂ ಒಬ್ರು ಇರ್ಲೇಬೇಕು.