ಹೊಸ ಶೆಡ್ಡಿನ ಬಾಡಿಗೆ: ನೆಲಕ್ಕೆ ಪೂರ್ತಿ ಅಂಕ, ಕರೆಂಟಿಗೆ ಅರ್ಧ

ಆಗತಾನೇ ಕಟ್ಟಿ ಮುಗಿಸಿದ್ದ ಕೈಗಾರಿಕಾ ಶೆಡ್ಡೊಂದನ್ನು ದೀರ್ಘಾವಧಿ ಗುತ್ತಿಗೆಗೆ ಹಿಡಿದು, ಅರ್ಧದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್, ಇನ್ನರ್ಧದಲ್ಲಿ ಗೋದಾಮು ನಡೆಸುತ್ತಿದ್ದೇವೆ. ಜಡಿಮಳೆ, ಬಿರುಬಿಸಿಲು ಎರಡನ್ನೂ ಅದರೊಳಗೆ ಕಂಡಾಗಿದೆ. ಕಟ್ಟಡ ಗಟ್ಟಿಯಾಗಿದೆ, ಕಟ್ಟಿದವರಿಗೆ ಕೆಲಸ ಗೊತ್ತಿದೆ. ಕರಾರುಪತ್ರವನ್ನು ಮಾತ್ರ ಸಾಲು ಸಾಲಾಗಿ ಓದಿ, ಹಟ ಹಿಡಿದು ತಿದ್ದಿಸಬೇಕಾಯಿತು. ಹೊಸ ಶೆಡ್ಡು ನೋಡಲು ಹೋಗುವವರೆಲ್ಲ ಮೊದಲು ಮೇಲೆ ನೋಡುತ್ತಾರೆ: ಹೊಳೆಯುವ ಶೀಟು, ಎತ್ತರದ ಮಾಡು, ಗೋಡೆಯ ಬಣ್ಣ. ನಾನು ಹೇಳುವುದು, ಕೆಳಗೆ ನೋಡಿ. ನಿಮ್ಮ ದುಡಿಮೆ ನಡೆಯುವುದು ನೆಲದ ಮೇಲೆ, ಅದನ್ನು ನಡೆಸುವುದು ಕರೆಂಟು. ಈ ಎರಡು ಸರಿಯಿದ್ದರೆ ಉಳಿದದ್ದನ್ನು ಹೊಂದಿಸಿಕೊಳ್ಳಬಹುದು.

ನೆಲದಿಂದಲೇ ಶುರು ಮಾಡುತ್ತೇನೆ. ಮಾಲೀಕರ ಕೈಪಿಡಿಯಲ್ಲಿ ನೆಲ ಚದರ ಮೀಟರಿಗೆ 5 ಟನ್ ತಾಳುತ್ತದೆ ಎಂದು ದೊಡ್ಡಕ್ಷರದಲ್ಲಿ ಅಚ್ಚಾಗಿತ್ತು. ಸಾಮಾನನ್ನು ಸಮವಾಗಿ ಹರಡಿಟ್ಟರೆ ಬೀಳುವ ಭಾರದ ಲೆಕ್ಕ ಅದು. ರ‍್ಯಾಕು ನಿಲ್ಲಿಸುವವರಿಗೆ ಬೇಕಾದ ಲೆಕ್ಕ ಬೇರೆಯೇ. ನಮ್ಮ ರ‍್ಯಾಕಿನಲ್ಲಿ ನೆಲದ ಮೇಲಿಡುವ ಪ್ಯಾಲೆಟ್ (ಸಾಮಾನು ಪೇರಿಸುವ ಹಲಗೆ) ಬಿಟ್ಟು ನಾಲ್ಕು ಅಂತಸ್ತು. ಅಂತಸ್ತಿಗೆ ಎರಡು ಪ್ಯಾಲೆಟ್, ಒಂದೊಂದು ಒಂದು ಟನ್. ಹಾಗಾದರೆ ಒಂದು ಖಾನೆಗೆ 8 ಟನ್. ಸಾಲಿನ ನಡುವೆ ನಿಂತ ಚೌಕಟ್ಟು ಎಡಗಡೆಯ ಖಾನೆಯ ಅರ್ಧ, ಬಲಗಡೆಯ ಖಾನೆಯ ಅರ್ಧ ಹೊರುತ್ತದೆ. ಅದೂ ಕೂಡಿ 8 ಟನ್ನೇ ಆಯಿತು. ಚೌಕಟ್ಟಿಗೆ ಎರಡು ಕಾಲು, ಕಾಲಿಗೆ 4 ಟನ್. ಅಂಗೈಯಗಲದ ಉಕ್ಕಿನ ತಟ್ಟೆಯೊಂದರ ಮೂಲಕ ಅಷ್ಟೂ ಭಾರ ಕಾಂಕ್ರೀಟಿಗೆ ಇಳಿಯುತ್ತದೆ. ಬೆನ್ನಿಗೆ ಬೆನ್ನು ಹಚ್ಚಿ ಎರಡು ಸಾಲು ನಿಲ್ಲಿಸಿದರೆ ಅಂಥ ಎರಡು ಕಾಲು ಅಕ್ಕಪಕ್ಕದಲ್ಲೇ ಒತ್ತುತ್ತವೆ. ಆದ್ದರಿಂದ ಕಾಲಿನ ಭಾರ ಎಷ್ಟು ತಾಳುತ್ತದೆ, ಸ್ಲ್ಯಾಬಿನ ದಪ್ಪ ಎಷ್ಟು, ಒಳಗೆ ಸರಳು ಹಾಕಿದ್ದಾರೋ ಉಕ್ಕಿನ ನಾರು ಬೆರೆಸಿದ್ದಾರೋ ಎಂದು ಬರಹದಲ್ಲಿ ಕೇಳಿದೆವು. ವಿನ್ಯಾಸ ಮಾಡಿದ ಎಂಜಿನಿಯರ್ ಸಹಿಯೊಂದಿಗೆ ಉತ್ತರ ಬಂತು. ಈ ಮಾಲೀಕರ ಮೇಲೆ ನನಗೆ ಮೊದಲ ನಂಬಿಕೆ ಹುಟ್ಟಿದ್ದು ಆ ಕಾಗದದಿಂದ.

ಹೊಸ ಕಾಂಕ್ರೀಟು ಒಣಗುತ್ತಾ ಕುಗ್ಗುತ್ತದೆ. ಕುಗ್ಗುವಾಗ ಎಲ್ಲೆಂದರಲ್ಲಿ ಸೀಳದಿರಲಿ ಎಂದು ಸುರಿದ ಕೆಲವೇ ಗಂಟೆಗಳಲ್ಲಿ ಗರಗಸದಿಂದ ಗೆರೆ ಕೊಯ್ಯುತ್ತಾರೆ, ಬಿರುಕು ಆ ಗೆರೆಯೊಳಗೇ ಬೀಳಲಿ ಎಂದು. ಕುಗ್ಗುವಿಕೆ ತಿಂಗಳುಗಟ್ಟಲೆ ನಡೆಯುವುದರಿಂದ, ನಾವು ಒಳಹೊಕ್ಕ ಮೇಲೂ ಗೆರೆಗಳು ಬಾಯಿ ಬಿಡುತ್ತಲೇ ಇದ್ದವು. ಫೋರ್ಕ್‌ಲಿಫ್ಟಿನ ದೊಡ್ಡ ಟೈರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಕಿರಿದಾದ ಓಣಿಯಲ್ಲಿ ಪ್ಯಾಲೆಟ್ಟನ್ನು ಎತ್ತರಕ್ಕೆ ಏರಿಸುವ ರೀಚ್ ಟ್ರಕ್ಕಿನ ಚಕ್ರ ಸಣ್ಣದು, ಕಲ್ಲಿನಂತೆ ಗಟ್ಟಿ. ಅದು ಗೆರೆ ದಾಟಿದಾಗಲೆಲ್ಲ ಅಂಚಿಗೆ ಒಂದು ಪೆಟ್ಟು. ಬಿಟ್ಟರೆ ಅಂಚು ಚೂರು ಚೂರಾಗಿ ಉದುರಿ ಗುಂಡಿಯಾಗುತ್ತದೆ, ಆಮೇಲೆ ಚಕ್ರವೂ ಹಾಳು, ಚಾಲಕರ ಸೊಂಟವೂ ಹಾಳು. ಗೆರೆಗಳಿಗೆ ಎಪಾಕ್ಸಿ (ಗಟ್ಟಿಯಾಗುವ ಅಂಟು) ತುಂಬುವ ಕೆಲಸವನ್ನು ಕಾಂಕ್ರೀಟು ಸಾಕಷ್ಟು ಕುಗ್ಗಿದ ಮೇಲೆ ಮಾಲೀಕರೇ ಮಾಡಿಕೊಡಬೇಕು ಎಂಬ ಷರತ್ತನ್ನು ಕರಾರಿನಲ್ಲಿ ಸೇರಿಸಿಕೊಂಡಿದ್ದೆವು. ಅವರು ಮಾಡಿಕೊಟ್ಟರು, ಅಚ್ಚುಕಟ್ಟಾಗಿಯೇ. ರ‍್ಯಾಕುಗಳ ನಡುವಿನ ಓಣಿಗಳಲ್ಲಿ ಟ್ರಕ್ಕು ಈಗ ಸದ್ದಿಲ್ಲದೆ ಓಡುತ್ತದೆ.

ಹೊಸ ನೆಲದಲ್ಲಿ ಇನ್ನೊಂದು ಸಂಗತಿ ತೇವ. ನಮ್ಮಲ್ಲಿ ನೈಲಾನ್ ಕಾಳು 25 ಕಿಲೋ ಚೀಲಗಳಲ್ಲಿ ಬರುತ್ತದೆ. ನೈಲಾನ್ ಗಾಳಿಯಿಂದಲೇ ತೇವ ಹೀರುವ ವಸ್ತು. ತೇವ ಹೀರಿದ ಕಾಳನ್ನು ಮೆಷಿನ್ನಿಗೆ ಹಾಕಿದರೆ ತಯಾರಾದ ಭಾಗದ ಮೇಲೆ ಬೆಳ್ಳಿಗೆರೆ ಮೂಡುತ್ತದೆ, ಅಂಥ ಮಾಲನ್ನು ಗಿರಾಕಿ ಮುಟ್ಟುವುದಿಲ್ಲ. ಅದಕ್ಕೆ ಚೀಲ ಇಳಿಸುವ ಮೊದಲೇ ನಮ್ಮ ಮೇಂಟೆನೆನ್ಸ್ ಹಿರಿಯರು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಗಳನ್ನು ಅಲ್ಲಲ್ಲಿ ನೆಲಕ್ಕೆ ಟೇಪಿನಿಂದ ನಾಲ್ಕೂ ಬದಿ ಅಂಟಿಸಿ ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಹಾಳೆ ಎತ್ತಿದಾಗ ಬಾಗಿಲ ಹತ್ತಿರದ ನೆಲ ಒಣಗಿತ್ತು, ಹಿಂಬದಿ ಮೂಲೆಯ ಹಾಳೆಯ ಒಳಮೈಯಲ್ಲಿ ಸಣ್ಣ ಹನಿಗಳು ಕೂತಿದ್ದವು, ಕೆಳಗಿನ ಕಾಂಕ್ರೀಟು ಕಪ್ಪಗಾಗಿತ್ತು. ಆ ಮೂಲೆಗೆ ಲೋಹದ ಸಾಮಾನು ಹೋಯಿತು, ನೈಲಾನ್ ರ‍್ಯಾಕಿನ ಮೇಲಂತಸ್ತಿಗೆ ಏರಿತು. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಹೊಸ ಕಟ್ಟಡಕ್ಕೆ ಹೋಗುವವರೆಲ್ಲ ಮಾಡಿ.

ಇನ್ನು ಕರೆಂಟು. ಅರ್ಧ ಅಂಕ ಕಳೆದಿದ್ದು ಇಲ್ಲಿ. ಜಾಹೀರಾತಿನಲ್ಲಿ "ತ್ರೀ ಫೇಸ್ ವಿದ್ಯುತ್ ಲಭ್ಯ" ಎಂದಿತ್ತು. ಲಭ್ಯ ಎಂದರೆ ಮಾರ್ಗ ನಿವೇಶನದ ಬೇಲಿಯವರೆಗೆ ಬಂದಿದೆ ಎಂದಷ್ಟೇ. ಟ್ರಾನ್ಸ್‌ಫಾರ್ಮರ್ ಯಾರದು, ಅಲ್ಲಿಂದ ನಮ್ಮ ಪ್ಯಾನೆಲ್‌ವರೆಗಿನ ಕೇಬಲ್ ಯಾರದು, ಮಂಜೂರಾದ ಕೆವಿಎಯಲ್ಲಿ (ವಿದ್ಯುತ್ ಪೂರೈಕೆಯ ಸಾಮರ್ಥ್ಯದ ಅಳತೆ) ನಮ್ಮ ಪಾಲೆಷ್ಟು, ಪಕ್ಕದ ಯೂನಿಟ್ಟಿನ ಪಾಲೆಷ್ಟು ಎಂಬುದು ಯಾವ ಕಾಗದದಲ್ಲೂ ಇರಲಿಲ್ಲ. ಗೋದಾಮು ಮಾತ್ರ ನಡೆಸುವವರಿಗೆ ದೀಪ, ಬಾಗಿಲ ಮೋಟಾರು, ಫೋರ್ಕ್‌ಲಿಫ್ಟ್ ಚಾರ್ಜರ್ ಸಾಕು. ತಯಾರಿಕೆಯ ಕಥೆ ಬೇರೆ. ಮೋಲ್ಡಿಂಗ್ ಮೆಷಿನ್ನಿನಲ್ಲಿ ಪ್ಲಾಸ್ಟಿಕ್ ಕರಗಿಸುವ ಬ್ಯಾರಲನ್ನು ಕಾಯಿಸುವ ಹೀಟರು, ಹೈಡ್ರಾಲಿಕ್ ಪಂಪಿನ ಮೋಟಾರು, ಜೊತೆಗೆ ನೀರು ತಂಪಾಗಿಸುವ ಚಿಲ್ಲರು, ಕಂಪ್ರೆಸರು, ಕಾಳು ಒಣಗಿಸುವ ಡ್ರೈಯರು ಎಲ್ಲ ಒಟ್ಟಿಗೇ ಎಳೆಯುತ್ತವೆ. ನೇರವಾಗಿ ಸ್ಟಾರ್ಟ್ ಮಾಡುವ ಮೋಟಾರು ಮೊದಲ ಕ್ಷಣಗಳಲ್ಲಿ ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಹೀಗಾಗಿ ಬರೀ ಕಿಲೋವ್ಯಾಟ್ ಕೂಡಿಸಿ ಸುಮ್ಮನಾಗುವಂತಿಲ್ಲ. ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಹಿಡಿದು ಕೆವಿಎ ಲೆಕ್ಕ ಮಾಡಬೇಕು. ಪವರ್ ಫ್ಯಾಕ್ಟರ್ 0.8 ಇದ್ದರೆ 400 ಕಿಲೋವ್ಯಾಟ್ ಹೊರೆಗೆ 500 ಕೆವಿಎ ಬೇಕು. ಕೆಪಾಸಿಟರ್ ಪ್ಯಾನೆಲ್ ಹಾಕಿ ಅದನ್ನು 0.95ಕ್ಕೆ ಏರಿಸಿದರೆ ಸುಮಾರು 421 ಸಾಕು. ಹಂಚಿಕೊಂಡ ಟ್ರಾನ್ಸ್‌ಫಾರ್ಮರಿನಲ್ಲಿ ಈ ವ್ಯತ್ಯಾಸ ಒಂದು ದೊಡ್ಡ ಮೆಷಿನ್ನಿಗೆ ಸಮ.

ಕಟ್ಟಡ ತಯಾರಾಯಿತು, ಬೀಗದ ಕೈ ಕೊಡುತ್ತೇವೆ ಬನ್ನಿ ಎಂದರು. ಆಗ ಒಳಗೆ ಇದ್ದದ್ದು ಕಟ್ಟಡ ಕಟ್ಟಿದವರ ತಾತ್ಕಾಲಿಕ ವಿದ್ಯುತ್ ಸಂಪರ್ಕ ಮಾತ್ರ. ಗುತ್ತಿಗೆ ವ್ಯವಹಾರ ನೋಡಿಕೊಳ್ಳುವವರು, "ಮೇಡಂ, ಕಟ್ಟಡ ನಿಮ್ಮ ಕೈಗೆ ಬಂದ ದಿನದಿಂದ ಬಾಡಿಗೆ ಎಣಿಸುವುದು ಎಲ್ಲ ಕಡೆ ಇರುವ ಪದ್ಧತಿ" ಎಂದರು. ನಾನು ಒಪ್ಪಲಿಲ್ಲ. ಕಾರ್ಖಾನೆಗೆ ಬಾಡಿಗೆ ಎಣಿಸಬೇಕಾದ್ದು ಒಪ್ಪಿದಷ್ಟು ಕೆವಿಎ ನಮ್ಮ ಪ್ಯಾನೆಲ್ಲಿಗೆ ಬಂದು ಮೀಟರು ತಿರುಗಿದ ದಿನದಿಂದ. ಅಲ್ಲಿಯವರೆಗೆ ಅದು ನಮಗೆ ಬರೀ ಮಾಡು. ಮಾತುಕತೆ ಎಳೆದಾಡಿ ಕೊನೆಗೆ ನಡುವಿನ ದಾರಿಗೆ ಬಂತು: ಗೋದಾಮಿನ ಅರ್ಧಕ್ಕೆ ಬೀಗದ ಕೈ ಸಿಕ್ಕ ದಿನದಿಂದ, ತಯಾರಿಕೆಯ ಅರ್ಧಕ್ಕೆ ಕರೆಂಟು ಬಂದ ದಿನದಿಂದ. ಸಂಪರ್ಕ ಹೇಳಿದ ಗಡುವಿಗೆ ಬರಲಿಲ್ಲ. ಆ ಸಾಲು ಕರಾರಿನಲ್ಲಿ ಇಲ್ಲದಿದ್ದರೆ ನಿಂತ ಮೆಷಿನ್ನುಗಳ ಮುಂದೆ ಕೂತು ಪೂರ್ತಿ ಬಾಡಿಗೆ ಕಟ್ಟಬೇಕಿತ್ತು. ಬಂದ ಮೇಲೆ ಪೂರೈಕೆಯಲ್ಲಿ ತಕರಾರಿಲ್ಲ. ಅರ್ತಿಂಗ್ ಪರೀಕ್ಷೆಯ ವರದಿಯನ್ನೂ ಕೇಳಿದ ಕೂಡಲೇ ಕೊಟ್ಟರು.

ಅಳತೆಯ ವಿಷಯವನ್ನೂ ಹೇಳಲೇಬೇಕು. ಶೆಡ್ಡಿನ ಒಳ ಅಳತೆ 200 ಅಡಿ ಉದ್ದ, 100 ಅಡಿ ಅಗಲ, ಅಂದರೆ 20,000 ಚದರ ಅಡಿ. ಕರಡಿನಲ್ಲಿ ಬಾಡಿಗೆ ಹಾಕಿದ್ದು ಅದಕ್ಕಿಂತ ಹೆಚ್ಚಿಗೆ. ನಕಾಶೆ ತರಿಸಿ ನೋಡಿದರೆ ಡಾಕಿನ (ಲಾರಿಗೆ ಸರಕು ಹತ್ತಿಸಿ ಇಳಿಸುವ ಕಟ್ಟೆಯ) ಮೇಲೆ 15 ಅಡಿ ಹೊರಚಾಚಿದ ಮಾಡನ್ನೂ ಸೇರಿಸಿದ್ದರು. ನೂರು ಅಡಿ ಉದ್ದಕ್ಕೆ 1,500 ಚದರ ಅಡಿ, ನೂರಕ್ಕೆ ಏಳೂವರೆ ಪಾಲು, ಗುತ್ತಿಗೆ ಮುಗಿಯುವವರೆಗೆ ಪ್ರತಿ ತಿಂಗಳೂ. ಗೋಡೆಯಿಲ್ಲದ ಆ ಜಾಗದಲ್ಲಿ ನಾವು ಒಂದು ಪ್ಯಾಲೆಟ್ಟನ್ನೂ ರಾತ್ರಿ ಬಿಡುವಂತಿಲ್ಲ. ಅರ್ಧ ದರಕ್ಕೆ ಇಳಿಸಿದರು. ಪೂರ್ತಿ ಬಿಡಬೇಕಿತ್ತು ಎಂಬುದೇ ಈಗಲೂ ನನ್ನ ಅಭಿಪ್ರಾಯ.

ಎತ್ತರದಲ್ಲೂ ಇಂಥದೇ ಗೊಂದಲ ಉಂಟು. ಸೂರಿನ ಎತ್ತರ 10 ಮೀಟರ್ ಎಂದರೆ 10 ಮೀಟರಿನವರೆಗೆ ಸಾಮಾನು ಪೇರಿಸಬಹುದು ಎಂದಲ್ಲ. ಕಂಬಕ್ಕೆ ತೊಲೆ ಕೂಡುವ ಕಡೆ ತೊಲೆ ದಪ್ಪಗಾಗಿ ಕೆಳಗೆ ಇಳಿದಿರುತ್ತದೆ, ಗೋಡೆಬದಿಯ ರ‍್ಯಾಕಿಗೆ ತಾಗುವುದು ಅದೇ. ಬೆಂಕಿಯನ್ನು ಶುರುವಿನಲ್ಲೇ ಜೋರು ನೀರು ಸುರಿಸಿ ಆರಿಸುವ ಇಎಸ್‌ಎಫ್‌ಆರ್ ಸ್ಪ್ರಿಂಕ್ಲರ್ ಇದ್ದರೆ ಅದರ ಬಾಯಿಗೂ ಮೇಲಿನ ಪ್ಯಾಲೆಟ್ಟಿಗೂ ನಡುವೆ ಕನಿಷ್ಠ 3 ಅಡಿ ಖಾಲಿ ಬಿಡಬೇಕು, ನೀರು ಹರಡಿಕೊಳ್ಳಲು. ಇದನ್ನೆಲ್ಲ ಕಳೆದು ನಮಗೆ ದಕ್ಕಿದ್ದು 8 ಮೀಟರಿಗೆ ಚೂರು ಮೇಲೆ. ನಮ್ಮ ಲೆಕ್ಕಕ್ಕೆ ಅಷ್ಟೇ ಬೇಕಿತ್ತು.

ಡಾಕುಗಳ ಬಗ್ಗೆ ಒಳ್ಳೆಯ ಮಾತೇ ಇದೆ. ನೆಲದಿಂದ ಸುಮಾರು 4 ಅಡಿ ಎತ್ತರ, ಪ್ರತಿಯೊಂದಕ್ಕೂ ಲೆವೆಲರ್. ಲಾರಿಯ ಹಾಸು ತುಸು ಮೇಲೆ ಕೆಳಗೆ ಇದ್ದರೂ ತಟ್ಟೆ ಹೊಂದಿಕೊಳ್ಳುತ್ತದೆ. ಪಕ್ಕದಲ್ಲಿ ನೆಲಮಟ್ಟದ ದೊಡ್ಡ ಬಾಗಿಲು ಒಂದಿದೆ. ತಯಾರಿಕೆ ನಡೆಸುವವರು ಅದಿಲ್ಲದ ಶೆಡ್ಡನ್ನು ನೋಡಲೂ ಹೋಗಬೇಡಿ, ಏಳೆಂಟು ಟನ್ನಿನ ಮೆಷಿನ್ನನ್ನು ಡಾಕಿನ ಮೂಲಕ ಒಳಗೆ ತರುವುದು ಆಗದ ಮಾತು. 40 ಅಡಿ ಕಂಟೇನರಿನ ಟ್ರೇಲರ್ ಎಂಜಿನ್ ಸೇರಿ 16 ಮೀಟರ್ ಮುಟ್ಟುತ್ತದೆ. ನಮ್ಮ ಅಂಗಳದಲ್ಲಿ ಅದು ಒಂದೇ ಸಲಕ್ಕೆ ಹಿಂದೆ ಸರಿದು ಡಾಕಿಗೆ ಕೂಡುತ್ತದೆ. ಅಂಗಳದ ಇಳಿಜಾರು ಡಾಕಿನಿಂದ ಆಚೆಗಿದೆ, ಮಳೆನೀರು ಗೋಡೆ ಬುಡದಲ್ಲಿ ನಿಲ್ಲುವುದಿಲ್ಲ.

ಮಾಡಿನ ವಿಷಯಕ್ಕೆ ಬಂದರೆ, ಒಂದೇ ಕಟ್ಟಡವನ್ನು ಎರಡು ಯೂನಿಟ್ಟಾಗಿ ಕಟ್ಟಿದ್ದಾರೆ. ಎರಡು ಮಾಡು ಕೂಡುವಲ್ಲಿ ನಡುಗಟಾರ, ಅದು ಸರಿಯಾಗಿ ನಮ್ಮ ಗೋಡೆಯ ಮೇಲೆ. ಮೊದಲ ದೊಡ್ಡ ಮಳೆಗೇ ನೀರು ಗಟಾರದ ಅಂಚು ದಾಟಿ ಒಳಗೆ ಸುರಿಯಿತು. ಅದೃಷ್ಟಕ್ಕೆ ಕೆಳಗಿದ್ದದ್ದು ಖಾಲಿ ಕ್ರೇಟುಗಳು. ಸೈಟ್ ಎಂಜಿನಿಯರ್ ಹುಡುಗ ಮಳೆ ನಿಂತ ಕೂಡಲೇ ಮೇಲೆ ಹತ್ತಿ, ಇಳಿಕೊಳವೆಯ ಬಾಯಿಗೆ ಕೈ ಹಾಕಿ, ಸಿಕ್ಕಿದ್ದನ್ನೆಲ್ಲ ಬಕೆಟ್ಟಿನಲ್ಲಿ ತಂದು ತೋರಿಸಿದ: ಶೀಟಿಗೆ ಹೊಡೆದು ಉಳಿದ ಸ್ಕ್ರೂಗಳು, ರಬ್ಬರ್ ವಾಷರು, ಫೋಮಿನ ಚೂರು, ಡ್ರಿಲ್ ಮಾಡಿದಾಗ ಉದುರಿದ ಕಬ್ಬಿಣದ ಸುರುಳಿ. "ಮೇಡಂ, ಕೆಲಸ ಮುಗಿದ ಮೇಲೆ ಮೇಲೆ ಗುಡಿಸೇ ಇಲ್ಲ" ಎಂದು ನೇರವಾಗಿ ಒಪ್ಪಿಕೊಂಡ. ಆ ಕಬ್ಬಿಣದ ಪುಡಿ ಶೀಟಿನ ಮೇಲೇ ಉಳಿದರೆ ತುಕ್ಕು ಹಿಡಿದು ಕಲೆ ಮೂಡುತ್ತದೆ. ಇಡೀ ಮಾಡು ಗುಡಿಸಿ, ಇಳಿಕೊಳವೆಗಳಿಗೆ ಜಾಲರಿ ಹಾಕಿ, ತುಂಬಿದರೆ ನೀರು ಹೊರಗೇ ಹರಿಯುವಂತೆ ಗಟಾರದ ತುದಿಯಲ್ಲಿ ಕಿಂಡಿ ತೆಗೆಸಿಕೊಟ್ಟರು. ಆಮೇಲಿನ ಮಳೆಗಳಲ್ಲಿ ಒಂದು ಹನಿಯೂ ಇಳಿದಿಲ್ಲ. ಬಿಸಿಲಿನಲ್ಲಿ ಎರಡು ಪದರದ ಶೀಟು, ನಡುವಿನ ನಿರೋಧಕ ಒಳ್ಳೆಯ ಕೆಲಸ ಮಾಡುತ್ತವೆ. ಬೆಳಕಿನ ಶೀಟುಗಳೂ ಸಾಕಷ್ಟಿವೆ, ಹಗಲು ಗೋದಾಮಿನ ಕಡೆ ದೀಪ ಹಾಕುವುದಿಲ್ಲ.

ಇದೆಲ್ಲ ಖರ್ಚಿಲ್ಲದೆ ಆದದ್ದು ಹಸ್ತಾಂತರದ ನಂತರ 12 ತಿಂಗಳು ದೋಷ ಸರಿಪಡಿಸುವ ಹೊಣೆ ಮಾಲೀಕರದು ಎಂದು ಕರಾರು ಹೇಳುತ್ತಿದ್ದರಿಂದ. ಆದರೆ ಅಡಿಪಾಯ ಕುಸಿತ, ನೆಲದ ವಿನ್ಯಾಸದ ತಪ್ಪು ಇಂಥವು 12 ತಿಂಗಳಲ್ಲಿ ತಲೆ ಎತ್ತಬೇಕೆಂದಿಲ್ಲ. ಕರಡಿನಲ್ಲಿ ಆ ಅವಧಿ ಕಳೆದ ಮೇಲೆ "ಎಲ್ಲ ದುರಸ್ತಿಯೂ ಬಾಡಿಗೆದಾರರದು" ಎಂಬ ಒಂದು ಸಾಲು ಸದ್ದಿಲ್ಲದೆ ಕೂತಿತ್ತು. ಕಟ್ಟುವಾಗಲೇ ಹುಟ್ಟಿದ ದೋಷಕ್ಕೆ ಬಾಡಿಗೆದಾರರು ಯಾವತ್ತಿಗೂ ಹೊಣೆಯಲ್ಲ ಎಂದು ನಮ್ಮ ವಕೀಲರು ಬದಲಿಸಿದರು. ಬಿಡುವಾಗ ನೆಲದ ಆಂಕರ್ ಬೋಲ್ಟು ಕತ್ತರಿಸಿ ರಂಧ್ರ ತುಂಬಿಕೊಡುವ ಷರತ್ತಿಗೆ ನಾವು ಒಪ್ಪಿದೆವು, ಅದು ನ್ಯಾಯ. ಹೊಕ್ಕ ದಿನವೇ ಮಾಲೀಕರ ಕಡೆಯವರನ್ನು ನಿಲ್ಲಿಸಿಕೊಂಡು ಪ್ರತಿ ಕಂಬಕ್ಕೂ ನಂಬರು ಹಾಕಿ ನೆಲ, ಗೋಡೆ, ಬಾಗಿಲುಗಳ ಚಿತ್ರ ತೆಗೆದು ಇಬ್ಬರೂ ಸಹಿ ಮಾಡಿದ್ದೇವೆ.

ಒಂದು ಕೊರತೆ ಇನ್ನೂ ಕಾಡುತ್ತಿದೆ. ಅಚ್ಚು ಬದಲಿಸಲು ನಮಗೆ ಮೇಲ್ಚಾವಣಿ ಕ್ರೇನು ಬೇಕು. ಕ್ರೇನಿನ ಹಳಿ ಹೊರುವಂತೆ ಕಂಬಗಳನ್ನು ಮೊದಲೇ ವಿನ್ಯಾಸ ಮಾಡಿರಬೇಕು, ಇಲ್ಲಿ ಮಾಡಿಲ್ಲ. ಸ್ವಂತ ಕಾಲುಗಳ ಮೇಲೆ ನಿಲ್ಲುವ ಗ್ಯಾಂಟ್ರಿ ಹಾಕಿಸಿಕೊಂಡಿದ್ದೇವೆ, ಅದು ಜಾಗ ತಿನ್ನುತ್ತದೆ. ಕಟ್ಟಡ ಏಳುವ ಮೊದಲೇ ಒಪ್ಪಂದ ಮಾಡಿಕೊಳ್ಳುವ ಅವಕಾಶ ನಿಮಗಿದ್ದರೆ ಕ್ರೇನಿನ ಬ್ರ್ಯಾಕೆಟ್ಟು, ನೆಲದೊಳಗಿನ ಕೇಬಲ್ ಕಾಲುವೆ, ತಂಪುನೀರಿನ ಪೈಪಿನ ದಾರಿ ಈ ಮೂರನ್ನೂ ನಕಾಶೆಯಲ್ಲೇ ಬರೆಸಿ.

ಬರೀ ಗೋದಾಮಿಗೆ ಈ ಶೆಡ್ಡನ್ನು ಕಣ್ಣು ಮುಚ್ಚಿ ಹಿಡಿಯಬಹುದು. ತಯಾರಿಕೆಗಾದರೆ ಕೆವಿಎ ಅಂಕಿ ಕರಾರಿನೊಳಗೆ ಅಚ್ಚಾದ ಮೇಲೆ ಸಹಿ ಮಾಡಿ. ಪಕ್ಕದ ಯೂನಿಟ್ಟು ಇನ್ನೂ ಖಾಲಿ ಇದೆ, ನಾವೇ ಕೇಳಿದ್ದೇವೆ. ಒಳ ಅಳತೆಗೆ ಮಾತ್ರ ಬಾಡಿಗೆ, ಮೀಟರು ತಿರುಗಿದ ದಿನದಿಂದ ಲೆಕ್ಕ ಎಂದು ಬರೆದು ಕೊಟ್ಟಿದ್ದೇವೆ, ಅವರ ಉತ್ತರ ಬರಬೇಕಿದೆ.