ಬೆಂಗಳೂರು–ಚೆನ್ನೈ ಕೆಲಸದ ಓಡಾಟ: ವಿಮಾನನಾ, ವಂದೇ ಭಾರತಾ, ರಾತ್ರಿ ರೈಲಾ?

ಚೆನ್ನೈನ ಗಿಂಡಿಯಲ್ಲಿ ನಮ್ಮ ಹಳೇ ಗಿರಾಕಿ ಒಬ್ಬರಿದ್ದಾರೆ. ತಿಂಗಳಿಗೊಮ್ಮೆ ಹೋಗಿ ಮುಖ ತೋರಿಸದಿದ್ದರೆ ಬಿಲ್ ಪಾಸ್ ಆಗುವುದಿಲ್ಲ. ಹಾಗಾಗಿ ಮೂರೂ ದಾರಿ ನೋಡಿ ಆಗಿದೆ. ನನ್ನ ಮನೆ ವಿಜಯನಗರದಲ್ಲಿ ಅಂತ ಮೊದಲೇ ಹೇಳಿಬಿಡುತ್ತೇನೆ. ನೀವು ಹೆಬ್ಬಾಳದವರಾದರೆ ಈ ಲೆಕ್ಕ ಪೂರ್ತಿ ಬೇರೆ.

ವಿಮಾನ ಆಕಾಶದಲ್ಲಿರುವುದು ಒಂದು ಗಂಟೆಯೂ ಇಲ್ಲ. ಆದರೆ ಏಳು ಗಂಟೆಯ ವಿಮಾನಕ್ಕೆ ನಾನು ನಾಲ್ಕೂಕಾಲಿಗೇ ಮನೆ ಬಿಡಬೇಕು. ಕ್ಯಾಬು, ಸೆಕ್ಯುರಿಟಿ ಸಾಲು, ಬೆಲ್ಟು ಬಿಚ್ಚು, ಲ್ಯಾಪ್‌ಟಾಪ್ ತೆಗಿ, ಮತ್ತೆ ತುಂಬು, ಇದರಲ್ಲಿ ಒಂದು ಮೇಲ್‌ಗೂ ಉತ್ತರ ಬರೆಯಲು ಆಗುವುದಿಲ್ಲ. ಇಳಿದ ಮೇಲೆ ಮಾತ್ರ ಸುಖ. ಚೆನ್ನೈ ಏರ್‌ಪೋರ್ಟಿನಿಂದ ಮೆಟ್ರೋ ಹತ್ತಿದರೆ ನಾಲ್ಕನೇ ಸ್ಟೇಷನ್ನೇ ಗಿಂಡಿ. ಒಂಬತ್ತಕ್ಕೆ ಅವರ ಆಫೀಸಿನಲ್ಲಿರುತ್ತೇನೆ, ಆಕಳಿಸುತ್ತಾ.

ವಂದೇ ಭಾರತ್‌ನಲ್ಲಿ ಏಳಕ್ಕೆ ಮನೆ ಬಿಟ್ಟರೆ ಸಾಕು, ಮೆಟ್ರೋದಲ್ಲಿ ಮೆಜೆಸ್ಟಿಕ್. ಸುಮಾರು 360 ಕಿ.ಮೀ.ಗೆ ನಾಲ್ಕೂವರೆ ಗಂಟೆ, ಅಂದರೆ ಸರಾಸರಿ ಗಂಟೆಗೆ 80. ಟೇಬಲ್ ಬಿಚ್ಚಿಕೊಂಡು ಕೊಟೇಶನ್ ಪೂರ್ತಿ ಮುಗಿಸಿದ್ದೇನೆ. ಕುಪ್ಪಂ ಕಡೆ ನೆಟ್‌ವರ್ಕ್ ಸತ್ತುಹೋಗುತ್ತೆ, ಅದೂ ಒಳ್ಳೆಯದೇ, ಯಾಕಂದ್ರೆ ಮುಂದಿನ ಸೀಟಿನವರು ಸ್ಪೀಕರ್ ಹಾಕಿಕೊಂಡು ಯಾರಿಗೋ ಜಿಎಸ್‌ಟಿ ನಂಬರ್ ಮೂರು ಸಲ ಓದಿ ಹೇಳಿದ್ದು ಅಲ್ಲಿಗೆ ನಿಂತಿತು. ಎಲ್ಲಾ ಸರಿ, ಆದರೆ ಸೆಂಟ್ರಲ್‌ನಲ್ಲಿ ಇಳಿಯುವಾಗ 12 ದಾಟಿರುತ್ತೆ. ಗಿಂಡಿ ಮುಟ್ಟುವಷ್ಟರಲ್ಲಿ ಅವರು ಊಟಕ್ಕೆ ಎದ್ದಿರುತ್ತಾರೆ. ಬೆಳಗ್ಗೆ ಆರರ ಶತಾಬ್ದಿ ಇದೆಯಲ್ಲ ಅಂತೀರಾ? ಅದು ಸೇರುವುದೂ 11ಕ್ಕೆ.

ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ ಮೂರರಲ್ಲಿ ನಿಧಾನ. ಆದರೂ ಹೋಗುವಾಗ ನನಗೆ ಅದೇ. ಮಲಗಿ ಎದ್ದರೆ ಚೆನ್ನೈ. ಸ್ನಾನ ಮುಗಿಸಿ, ಇಡ್ಲಿ ತಿಂದು ಹೊರಟರೂ ಹತ್ತರ ಮೀಟಿಂಗಿಗೆ ಆರಾಮ, ಹೋಟೆಲ್ ರೂಮಿನ ಖರ್ಚಿಲ್ಲ. ವಾಪಸ್ ಬರಲು ಸಂಜೆ ಐದರ ವಂದೇ ಭಾರತ್, ಒಂಬತ್ತೂವರೆಗೆಲ್ಲಾ ಮೆಜೆಸ್ಟಿಕ್. ವಿಮಾನ ಈಗ ತೀರಾ ಅರ್ಜೆಂಟ್ ಇದ್ದರೆ ಮಾತ್ರ.

ಚೆನ್ನೈ–ಬೆಂಗಳೂರು–ಮೈಸೂರು ಬುಲೆಟ್ ರೈಲಿನ ಮಾತೂ ಇದೆ. ಗಂಟೆಗೆ 300 ಕಿ.ಮೀ. ಓಡಿದರೆ ಎರಡು ಗಂಟೆಯೊಳಗೆ ಚೆನ್ನೈ. ಬರಲಿ, ಬೇಡ ಅನ್ನುವುದಿಲ್ಲ. ಸ್ಟೇಷನ್ನನ್ನು ಊರಾಚೆ ಎಲ್ಲೋ ಕಟ್ಟಿದರೆ ಮಾತ್ರ ನನಗೆ ಅದು ಇನ್ನೊಂದು ದೇವನಹಳ್ಳಿ ಅಷ್ಟೇ. ಅದಕ್ಕಿಂತ ಮೊದಲು, ಇರೋ ಹಳಿ ಮೇಲೇ ಬೆಳಗ್ಗೆ ಐದೂವರೆಗೆ ಮೆಜೆಸ್ಟಿಕ್‌ನಿಂದ ಒಂದು ವಂದೇ ಭಾರತ್ ಬಿಟ್ಟರೆ ಹತ್ತಕ್ಕೆ ಚೆನ್ನೈ ಸೇರಬಹುದಲ್ವಾ? ಆ ಕಡೆಯವರಿಗೆ 2022ರ ನವೆಂಬರ್‌ನಿಂದಲೇ ಇಂಥದ್ದೊಂದು ಇದೆ. ಬೆಳಗ್ಗೆ ಆರರೊಳಗೆ ಚೆನ್ನೈ ಬಿಟ್ಟು ಹತ್ತೂಕಾಲರ ಸುಮಾರಿಗೆ ಇಲ್ಲಿರುತ್ತಾರೆ.

ಮುಂದಿನ ಗುರುವಾರಕ್ಕೆ ಕಾವೇರಿಗೆ ಟಿಕೆಟ್ ಹಾಕಿದ್ದೇನೆ. ಸದ್ಯಕ್ಕೆ ವೇಟಿಂಗ್ ಲಿಸ್ಟ್ 14.