ನೆಲಮಾಳಿಗೆಯ ಛಾವಣಿಗೆ ತೂಗುಹಾಕಿದ ಅಟ್ಟಗಳು: ಆರು ವರ್ಷಗಳ ಬಳಕೆಯ ನಂತರ

ನಮ್ಮ ನೆಲಮಾಳಿಗೆಗೆ ಒಮ್ಮೆ ನೀರು ನುಗ್ಗಿ, ಗೋಡೆಯ ಬದಿಯಲ್ಲಿ ಪೇರಿಸಿಟ್ಟಿದ್ದ ರಟ್ಟಿನ ಪೆಟ್ಟಿಗೆಗಳೆಲ್ಲ ತಳದಿಂದಲೇ ಕೊಳೆತುಹೋದ ಮೇಲೆ, ಸಾಮಾನುಗಳನ್ನು ತಲೆಯ ಮೇಲಿನ ಖಾಲಿ ಜಾಗಕ್ಕೆ ಏರಿಸಲು ನಿಶ್ಚಯಿಸಿದೆ. ಒಂದು ಬದಿಗೆ ಮರ ಮತ್ತು ಪ್ಲೈವುಡ್ಡಿನಿಂದ ನಾನೇ ಅಟ್ಟ ಕಟ್ಟಿದೆ. ಎದುರು ಬದಿಗೆ ಸಿದ್ಧವಾಗಿ ಸಿಗುವ, ತಂತಿಜಾಲರಿಯ ತಳವಿರುವ ಉಕ್ಕಿನ ತೂಗುಚೌಕಟ್ಟನ್ನು ತಂದು ಕೂರಿಸಿದೆ. ಎರಡನ್ನೂ ಆರು ವರ್ಷ ಒಂದೇ ರೀತಿ ಬಳಸಿದ್ದೇನೆ. ಮತ್ತೆ ಮಾಡಬೇಕಾಗಿ ಬಂದರೆ ಮರದ ಅಟ್ಟವನ್ನೇ ಕಟ್ಟುತ್ತೇನೆ. ಅದಕ್ಕೆ ಮುಖ್ಯ ಕಾರಣ ಭಾರ ಜಂತೆಗೆ ತಲುಪುವ ಬಗೆ.

ಉಕ್ಕಿನ ಚೌಕಟ್ಟಿನ ಕಾಲುಗಳನ್ನು ಜಂತೆಯ ಅಡಿಭಾಗಕ್ಕೆ, ಕೆಳಗಿನಿಂದ ಮೇಲಕ್ಕೆ ತಿರುಗಿಸುವ ದಪ್ಪ ಸ್ಕ್ರೂಗಳಿಂದ ಬಿಗಿಯಬೇಕು. ಆಗ ಇಡೀ ಭಾರ ಸ್ಕ್ರೂವನ್ನು ಮರದಿಂದ ಹೊರಕ್ಕೆ ಎಳೆಯುತ್ತಲೇ ಇರುತ್ತದೆ, ಅದನ್ನು ತಡೆಯುವುದು ಮರವನ್ನು ಕಚ್ಚಿಕೊಂಡ ಥ್ರೆಡ್ ಮಾತ್ರ. ನಮ್ಮ ಜಂತೆಗಳ ಅಗಲ ಕೇವಲ 38 ಮಿ.ಮೀ.; ಒಂದು ಮೂಲೆಯಲ್ಲಿ ನನ್ನ ತೂತು ನಡುವಿನಿಂದ ಸರಿದು ಅಂಚಿಗೆ ಹತ್ತಿರವಾಗಿತ್ತು. ಮೂರನೆಯ ವರ್ಷ ಟಾರ್ಚ್ ಹಿಡಿದು ನೋಡಿದಾಗ ಆ ಮೂಲೆಯ ಕಬ್ಬಿಣದ ಪಟ್ಟಿಗೂ ಮರಕ್ಕೂ ನಡುವೆ ಉಗುರು ತೂರುವಷ್ಟು ಸಂದು ಬಿಟ್ಟಿತ್ತು, ಜಂತೆಯ ಅಂಚಿನಲ್ಲಿ ಕೂದಲೆಳೆಯಂಥ ಸೀಳು ಕಾಣಿಸಿತ್ತು. ಅಂದೇ ಎಲ್ಲವನ್ನೂ ಇಳಿಸಿದೆ. ಮರದ ಅಟ್ಟದಲ್ಲಿ ಹಾಗಲ್ಲ: ಇಳಿಬಿಟ್ಟ ಮರದ ಕಾಲನ್ನು ಜಂತೆಯ ಪಕ್ಕಕ್ಕೆ ತಾಗಿಸಿ, ಎರಡನ್ನೂ ದಾಟಿ ಆಚೆ ಬರುವಂತೆ ಬೋಲ್ಟ್ ತೂರಿಸಿ, ವಾಷರ್ ಇಟ್ಟು ನಟ್ಟು ಬಿಗಿದಿದ್ದೇನೆ. ಭಾರ ಬೋಲ್ಟಿಗೆ ಅಡ್ಡಲಾಗಿ ಬೀಳುವುದರಿಂದ ಅದು ಕಿತ್ತುಬರುವ ಪ್ರಶ್ನೆಯೇ ಬರುವುದಿಲ್ಲ. ಜಿಪ್ಸಮ್ ಹಲಗೆಗೆ ಬಳಸುವ ಕಪ್ಪು ಸ್ಕ್ರೂಗಳನ್ನು ಮಾತ್ರ ಇಂಥ ಕೆಲಸಕ್ಕೆ ಬಳಸಬಾರದು. ಅವು ಬಾಗುವ ಮೊದಲೇ ಪಟ್ಟನೆ ಮುರಿಯುತ್ತವೆ.

ಮರದ ಅಟ್ಟದಲ್ಲಿ ನಾನು ಎಡವಿದ್ದು ಹಲಗೆಯ ದಪ್ಪದಲ್ಲಿ. ಮೊದಲು ಹಾಕಿದ್ದು 12 ಮಿ.ಮೀ. ಪ್ಲೈವುಡ್. ಪುಸ್ತಕದ ಪೆಟ್ಟಿಗೆಗಳನ್ನು ಇಟ್ಟ ದಿನ ಅಂಚಿನಿಂದ ಅಂಚಿಗೆ ದಾರ ಎಳೆದು ಅಳೆದಾಗ ನಡುವೆ 4 ಮಿ.ಮೀ. ಜಗ್ಗಿತ್ತು, ಎರಡು ವರ್ಷಗಳ ನಂತರ, ಒಂದು ಪೆಟ್ಟಿಗೆಯನ್ನೂ ಹೆಚ್ಚಿಸದಿದ್ದರೂ, ಅದೇ ದಾರ 11 ಮಿ.ಮೀ. ತೋರಿಸಿತು. ಸದಾ ಭಾರ ಹೊತ್ತಿರುವ ಮರ ಕಾಲ ಕಳೆದಂತೆ ಇನ್ನಷ್ಟು ಬಾಗುತ್ತದೆ, ತೇವವಿದ್ದಲ್ಲಿ ಇನ್ನೂ ಬೇಗ. ಹಲಗೆಯ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ 18 ಮಿ.ಮೀ. ಹಲಗೆ ಅದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಗಟ್ಟಿ. ಅದನ್ನು ಹಾಕಿ, ನಡುವೆ ಒಂದು ಅಡ್ಡಪಟ್ಟಿಯನ್ನೂ ಕೊಟ್ಟ ಮೇಲೆ ದಾರಕ್ಕೂ ಹಲಗೆಗೂ ನಡುವೆ ಅಂತರ ಕಾಣುವುದೇ ಕಷ್ಟ.

ಉಕ್ಕಿನ ಚೌಕಟ್ಟಿಗೆ ಸಲ್ಲಬೇಕಾದ ಮೆಚ್ಚುಗೆಯೂ ಇದೆ. ಜಾಲರಿಯಲ್ಲಿ ಗಾಳಿಯಾಡುವುದರಿಂದ ಅದರ ಮೇಲಿಟ್ಟ ಹಾಸಿಗೆ, ಕಂಬಳಿಗಳಿಗೆ ಬೂಸ್ಟು ಹಿಡಿದಿಲ್ಲ, ಕೆಳಗೆ ನಿಂತೇ ಯಾವುದು ಎಲ್ಲಿದೆಯೆಂದು ಕಾಣುತ್ತದೆ. ಪ್ಲೈವುಡ್ಡಿನ ಮೇಲೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಗಳನ್ನೇ ಇಡಬೇಕಾಯಿತು, ಅವು ಜಾರದಂತೆ ಮುಂಭಾಗಕ್ಕೆ ಮೂರು ಬೆರಳೆತ್ತರದ ಪಟ್ಟಿಯನ್ನೂ ಹೊಡೆದೆ.

ಪುಸ್ತಕಗಳನ್ನು ಈಗ ಕೆಳಗಿನ ಕಪಾಟಿಗೆ ಇಳಿಸಿದ್ದೇನೆ. ಏಣಿಯ ಮೇಲೆ ನಿಂತು ಎರಡು ಕೈ ಚಾಚಿ ಸಲೀಸಾಗಿ ಇಳಿಸಲಾಗದ ಯಾವುದನ್ನೂ ಮೇಲಿಡುವುದಿಲ್ಲ. ನೀರಿನ ಕೊಳವೆಯ ವಾಲ್ವ್ ಅಟ್ಟದ ಮರೆಗೆ ಸಿಕ್ಕಿದ್ದರಿಂದ ಹಲಗೆಯಲ್ಲಿ ಕೈ ತೂರುವಷ್ಟು ಕಿಂಡಿ ಕೊರೆದಿದ್ದೇನೆ, ಅದರ ಮುಂದೆ ಡಬ್ಬ ಇಡುವುದಿಲ್ಲ. ಉಕ್ಕಿನ ಚೌಕಟ್ಟಿನ ನಾಲ್ಕೂ ಮೂಲೆಗಳಲ್ಲಿ ಎರಡೆರಡು ಜಂತೆಗಳ ನಡುವೆ ದಪ್ಪ ಅಡ್ಡಮರ ಕೂರಿಸಿ, ಅದರ ಮೇಲಿನಿಂದ ಬೋಲ್ಟ್ ಇಳಿಬಿಟ್ಟು, ಕೆಳಗೆ ನಟ್ಟು ಬಿಗಿದ ಮೇಲೆಯೇ ಕಂಬಳಿಗಳನ್ನು ಮರಳಿ ಏರಿಸಿದೆ.